ಗಾಲಿಗೆ ಕಲ್ಲು ಕೊಡ್ರೋ!

ಅಂಕೋಲೆಯಿಂದ ಆಂಧ್ರದ ಗುತ್ತಿಯ ತನಕ 2009ರಲ್ಲಿ ಒಂದೇ ಹೆದ್ದಾರಿ, ರಾಷ್ಟ್ರೀಯ ಹೆದ್ದಾರಿ 63. ಈಗ ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ಅದರ ನಂಬರು 52, ಪೂರ್ವಕ್ಕೆ 67. ಆಗ ಸಂಡೂರು ಸೀಮೆಯವರಿಗೆ ಅದು ಅದಿರಿನ ರಸ್ತೆ. ನಮ್ಮ ಗುಡ್ಡ ಕಡಿದು ತುಂಬಿಕೊಂಡ ಲಾರಿಗಳು ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ಹಾಯ್ದು, ಅರಬೈಲು ಘಟ್ಟ ಇಳಿದು, ಅಂಕೋಲೆ ಪಕ್ಕದ ಬೇಲೆಕೇರಿ ಬಂದರಿನಲ್ಲಿ ಅದಿರು ಸುರಿಯುತ್ತಿದ್ದವು. ಅಲ್ಲಿಂದ ಅದು ಹಡಗು ಹತ್ತಿ ಚೀನಾಕ್ಕೆ. ಹಗಲಿಲ್ಲ, ರಾತ್ರಿಯಿಲ್ಲ. ತುಂಬಿದವು ಇಳಿಯುತ್ತಿದ್ದವು, ಖಾಲಿಯಾದವು ಏರುತ್ತಿದ್ದವು. ಆ ವರ್ಷದ ಮೇ ಕೊನೆಯಲ್ಲಿ ಆ ಸಾಲಿನ ನಡುವೆ ಸಿಕ್ಕಿಕೊಂಡು ಊರು ಸೇರಿದ ನಮ್ಮ ಸಂಸಾರದ ಕತೆ ಇದು.

ಗೋಕರ್ಣ, ಮುರ್ಡೇಶ್ವರ ಮುಗಿಸಿ ಸಂಡೂರು ಸೀಮೆಯ ನಮ್ಮ ಊರು ಚೋರನೂರಿಗೆ ಹೊರಟಿದ್ದೆವು. ಸೋಮವಾರ ಜೂನ್ 1, ಮಕ್ಕಳಿಗೆ ಶಾಲೆ. ಅದಕ್ಕಿಂತ ದೊಡ್ಡ ಅವಸರ ಅಪ್ಪನದು. ಊರಲ್ಲಿ ರೋಹಿಣಿ ಮಳೆ ಬಿತ್ತೆಂದು ಚಿಕ್ಕಪ್ಪ ಫೋನ್ ಮಾಡಿದ್ದರು. ರೋಹಿಣಿ ಹೊಯ್ದರೆ ಓಣಿಯೆಲ್ಲ ಜೋಳ ಎನ್ನುವ ಸೀಮೆ ನಮ್ಮದು. ಹದ ಕಳಕೊಂಡವನು ವರ್ಷ ಕಳಕೊಂಡ. ಸಮುದ್ರದ ಎದುರು ಕೂತರೂ ಅಪ್ಪನ ಕಣ್ಣು ಮೋಡದ ಮೇಲೇ ಇತ್ತು. ಆ ಸಲ ಮುಂಗಾರು ಮೇ 23ಕ್ಕೇ ಕೇರಳಕ್ಕೆ ಕಾಲಿಟ್ಟಿತ್ತು, ವಾಡಿಕೆಗಿಂತ ವಾರಕ್ಕೂ ಹೆಚ್ಚು ಮೊದಲು. ಕರಾವಳಿಯ ಆಕಾಶ ಆಗಲೇ ಕಪ್ಪಿಟ್ಟಿತ್ತು.

ಭಾವನದು ಒಂಬತ್ತು ಸೀಟಿನ ಹಳೆಯ ಡೀಸೆಲ್ ಗಾಡಿ. ಸ್ಟೇರಿಂಗ್ ಹಿಡಿದವರು ಭಾವ, ಪಕ್ಕದಲ್ಲಿ ಅಪ್ಪ. ನಡುವಿನ ಸೀಟಿನಲ್ಲಿ ಅವ್ವ, ಅಕ್ಕ, ನನ್ನ ಹೆಂಡತಿ. ಹಿಂದೆ ನಾನು, ನನ್ನ ಮಗಳು, ಅಕ್ಕನ ಮಗ. ಮೇಲೆ ಕ್ಯಾರಿಯರ್ ತುಂಬ ತಾಡಪಾಲು ಬಿಗಿದ ಗಂಟುಮೂಟೆ. ಊರಿಗೆ 350 ಕಿಲೋಮೀಟರಿನ ಆಸುಪಾಸು. ಊಟದ ಹೊತ್ತಿಗೆ ಘಟ್ಟ ಹತ್ತಬೇಕಿದ್ದವರನ್ನು ಒಡೆದ ಟೈರೊಂದು ಅಂಕೋಲೆಯಲ್ಲಿ ಸಂಜೆಯವರೆಗೆ ಕಟ್ಟಿಹಾಕಿತು.

ಸುಂಕಸಾಳ ದಾಟಿದ ಮೇಲೆ ಕಾಡು ರಸ್ತೆಯ ಎರಡೂ ಬದಿಗೆ ಒತ್ತಿಕೊಂಡು ಬಂತು. ಕಾಡಿನ ಮರೆಯಲ್ಲಿ ಗಂಗಾವಳಿ ಹರಿಯುವ ಸದ್ದು. ಎದುರಿನಿಂದ ಲೋಡ್ ಲಾರಿಗಳು ಒಂದರ ಬಾಲ ಹಿಡಿದು ಒಂದು. ಮಕ್ಕಳು ನಂಬರ್ ಪ್ಲೇಟ್ ಓದುತ್ತ ಕೂತಿದ್ದರು. ಕೆಎ 35 ಬಂತೆಂದರೆ ಕೇಕೆ: "ಹೊಸಪೇಟೆ ಲಾರಿ! ನಮ್ಮ ಲಾರಿ!" ಅದಿರಿನ ಲಾರಿ ನೋಡದವರಿಗೆ ಒಂದು ಮಾತು ಹೇಳಬೇಕು. ಅದು ತುಂಬಿದಂತೆ ಕಾಣುವುದೇ ಇಲ್ಲ. ಅದಿರಿನ ತೂಕ ಎಷ್ಟೆಂದರೆ ತೊಟ್ಟಿಯ ಅರ್ಧಕ್ಕೆ ಬರುವ ಮೊದಲೇ ಲಾರಿಯ ಶಕ್ತಿ ಮುಗಿದಿರುತ್ತದೆ. ಹತ್ತು ಗಾಲಿಯ ಲಾರಿ ಸರಕು ಸೇರಿ 25 ಟನ್ ಮೀರಬಾರದೆಂದು ಆಗಿನ ನಿಯಮ. ಮೀರಿದ ಲಾರಿಯನ್ನು ಇಳಿಜಾರಿನಲ್ಲಿ ಸದ್ದಿನಿಂದಲೇ ಗುರುತು ಹಿಡಿಯಬಹುದು. ಇಂಜಿನ್ನು ನರಳುತ್ತದೆ, ಬ್ರೇಕು ಕಿರುಚುತ್ತದೆ.

ರಾಮನಗುಳಿಯಲ್ಲಿ ಗಾಡಿ ನಿಲ್ಲಿಸಿದಾಗ ಏಳೂವರೆ. ಅಪ್ಪ ಎಂದಿನ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಂಡರು. ಯಲ್ಲಾಪುರದಲ್ಲಿ ಊಟ, ಮುಕ್ಕಾಲು ಗಂಟೆಯ ಹಾದಿ. ಮಳೆ ಶುರುವಾಯಿತು.

ಗುಳ್ಳಾಪುರ ದಾಟಿ ಅರಬೈಲಿನ ತಿರುವುಗಳು ಸುರುವಾಗುವಷ್ಟರಲ್ಲಿ ಮಳೆ ಮಳೆಯಾಗಿ ಉಳಿದಿರಲಿಲ್ಲ. ಗಾಜಿನ ಮೇಲೆ ನೀರಿನ ಪರದೆ ಇಳಿಬಿದ್ದಿತ್ತು. ವೈಪರ್ ಒಂದು ಸಲ ಒರೆಸುವಷ್ಟರಲ್ಲಿ ರಸ್ತೆ ಮತ್ತೆ ಮಾಯ. ಮುಂದಿದ್ದ ಖಾಲಿ ಲಾರಿಯ ಎರಡು ಕೆಂಪು ದೀಪಗಳೇ ದಾರಿ. ಎಡಕ್ಕೆ ಕಂದಕ, ಬಲಕ್ಕೆ ಇಳಿಯುವ ಲೋಡ್ ಲಾರಿಗಳು, ಅವುಗಳ ಆಚೆ ಗುಡ್ಡ. ಆ ಕೆಂಪು ದೀಪ ನಿಂತರೆ ನಾವೂ ನಿಲ್ಲಬೇಕು, ಹೊರಟರೆ ಹೊರಡಬೇಕು. ಗೇಣು ಸರಿದು ನಿಲ್ಲುವುದು, ಮತ್ತೆ ಗೇಣು ಸರಿಯುವುದು. ಏರಿನಲ್ಲಿ, ಎಂಟು ಜನ ಮತ್ತು ಮೇಲಿನ ಮೂಟೆ ಹೊತ್ತು, ಅರ್ಧ ಕ್ಲಚ್ಚಿನಲ್ಲಿ ಗಾಡಿ ಹಿಡಿದು ಹಿಡಿದು ಭಾವನ ಎಡಗಾಲು ನಡುಗತೊಡಗಿತ್ತು.

ಮೊದಲು ವಾಸನೆ ಬಂತು. ರಬ್ಬರು ಸುಟ್ಟಂಥ, ಗಂಟಲಿಗೆ ಹತ್ತುವ ವಾಸನೆ.

"ಭಾವ, ಕ್ಲಚ್ ಪ್ಲೇಟ್..." ಅಂದೆ.

"ಗೊತ್ತೈತಿ, ಸುಮ್ಕಿರು" ಅಂದರು. ಹಣೆಯ ಬೆವರು ಗದ್ದಕ್ಕೆ ಇಳಿದಿತ್ತು.

ಮುಂದಿನ ಲಾರಿ ಹೊರಟಿತು. ಭಾವ ಎಕ್ಸಲೇಟರ್ ಒತ್ತಿದರು. ಇಂಜಿನ್ ಕೂಗಿತು, ಗಾಡಿ ಮಾತ್ರ ಏರಲಿಲ್ಲ. ಮತ್ತೊಮ್ಮೆ ಒತ್ತಿದರು. ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ. ಆಮೇಲೆ ಬಹಳ ಮೆಲ್ಲಗೆ, ಮೊದಲು ಯಾರಿಗೂ ತಿಳಿಯದ ಹಾಗೆ, ಕಿಟಕಿಯಾಚೆಯ ಮರಗಳು ಮುಂದಕ್ಕೆ ಸರಿಯತೊಡಗಿದವು.

ಗಾಡಿ ಹಿಂದಕ್ಕೆ ಜಾರುತ್ತಿತ್ತು.

ಭಾವ ಬ್ರೇಕಿನ ಮೇಲೆ ನಿಂತರು, ಹ್ಯಾಂಡ್‌ಬ್ರೇಕ್ ಎರಡೂ ಕೈಯಿಂದ ಎಳೆದರು. ಚಕ್ರ ನಿಂತಿತು, ನಿಂತ ಚಕ್ರದ ಮೇಲೇ ಗಾಡಿ ಒದ್ದೆ ರಸ್ತೆಯಲ್ಲಿ ಜಾರಿತು. ಎಷ್ಟೋ ದಿನದಿಂದ ಲಾರಿಗಳು ಉದುರಿಸಿದ ಅದಿರಿನ ಪುಡಿ ಮಳೆಗೆ ನೆನೆದು ಡಾಂಬರಿನ ಮೇಲೆ ಕೆಂಪು ಲೋಳೆಯಾಗಿ ಹರಡಿತ್ತು. ಸಂಡೂರಿನ ಮಣ್ಣು ಅರಬೈಲಿನಲ್ಲಿ ನಮ್ಮ ಚಕ್ರದ ಕೆಳಗೆ! ಹಿಂಭಾಗ ಎಡಕ್ಕೆ, ಕಂದಕದ ಕಡೆಗೆ ತಿರುಗಿತು. ಹಿಂದಿನ ಸೀಟಿನಲ್ಲಿ ಕೂತ ನನಗೆ ಎದುರು ಕಂಡದ್ದು ರಸ್ತೆಯಂಚಿನ ಬಿಳಿ ಕಲ್ಲು, ಅದರಾಚೆ ಬರೀ ಕತ್ತಲು. ಮಗಳು ನನ್ನ ಅಂಗಿ ಹಿಡಿದಳು. ಅವ್ವ "ಕುಮಾರಸ್ವಾಮೀ" ಎಂದು ದೇವರನ್ನು ಕೂಗಿದ್ದು ಮಳೆಯಲ್ಲಿ ಅರ್ಧ ಕೇಳಿತು.

ಆಗ ಹಿಂದಿನಿಂದ ಒಂದು ಗಂಟಲು, ಮಳೆಯನ್ನೂ ಇಂಜಿನ್ನುಗಳನ್ನೂ ಮೀರಿ:

"ಗಾಲಿಗೆ ಕಲ್ಲು ಕೊಡ್ರೋ! ಕಲ್ಲು ಕೊಡ್ರೋ!"

ಹಿಂದಿನ ಲಾರಿಯ ಕ್ಲೀನರ್ ಹುಡುಗ. ಇಪ್ಪತ್ತು ತುಂಬಿರಲಿಕ್ಕಿಲ್ಲ. ಬನಿಯನ್ನು, ಮೊಣಕಾಲ ಮೇಲೆ ಕಟ್ಟಿದ ಲುಂಗಿ, ಕಂಕುಳಲ್ಲಿ ಮರದ ದಿಮ್ಮಿ. ಜಾರಿ ಬರುತ್ತಿರುವ ಗಾಡಿಯ ಕಡೆಗೇ ಓಡಿ ಬಂದ. ಕಂದಕದ ಬದಿಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ದಿಮ್ಮಿಯನ್ನು ಎಡ ಹಿಂಗಾಲಿಯ ಅಡಿಗೆ ನೂಕಿ ಕೈ ಎಳೆದುಕೊಂಡ. ಗಾಲಿ ದಿಮ್ಮಿಯನ್ನು ಹತ್ತಿತು, ಅರ್ಧ ಏರಿತು, ನಿಂತಿತು. ಗಾಡಿ ಒಮ್ಮೆ ತೂಗಿ ಸುಮ್ಮನಾಯಿತು.

ನಾನು ಹಿಂಬಾಗಿಲಿನಿಂದ ಧುಮುಕಿದೆ. ರಸ್ತೆ ಬದಿಯ ಕಲ್ಲು ಕಿತ್ತು ಬಲಗಾಲಿಗೆ ಒತ್ತಿದೆ. ಇನ್ನಿಬ್ಬರು ಲಾರಿಯವರು ಬಂದು ಮುಂದಿನ ಗಾಲಿಗಳಿಗೂ ಕೊಟ್ಟರು. ಹೆಂಗಸರು ಮಕ್ಕಳನ್ನೆಲ್ಲ ಗುಡ್ಡದ ಬದಿಯ ಬಾಗಿಲಿನಿಂದ ಇಳಿಸಿದೆವು. ಟಾರ್ಚ್ ಬಿಟ್ಟು ನೋಡಿದರೆ ಹಿಂದಿನ ಬಂಪರಿಗೂ ರಸ್ತೆಯಂಚಿನ ಬಿಳಿ ಕಲ್ಲಿಗೂ ನಡುವೆ ಒಂದು ಮೊಳ ಇರಲಿಲ್ಲ.

"ಯಾವೂರು ಅಣ್ಣಾ?" ಅಂದ ಹುಡುಗ, ಏದುಸಿರು ಬಿಡುತ್ತ.

"ಚೋರನೂರು."

"ಅಯ್ಯ! ನಾವು ಕೂಡ್ಲಿಗಿ ಕಡೆಯವ್ರು. ನಮ್ಮ ಮಂದಿನೇ ಬಿಡ್ರಿ."

ಆ ರಾತ್ರಿ ಅಷ್ಟಕ್ಕೇ ನಿಲ್ಲಲಿಲ್ಲ. ನಾಲ್ಕು ಮಂದಿ ಸೇರಿ ಗಾಡಿಯನ್ನು ನೂಕಿ ನೇರ ಮಾಡಿ, ಮತ್ತೆ ಕಲ್ಲು ಕೊಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಮೇಲಿನ ತಿರುವಿನಿಂದ ಹಾರನ್ ಕೇಳಿತು. ಒತ್ತಿದ ಕೈ ತೆಗೆಯದ ಹಾರನ್. ಘಟ್ಟದಲ್ಲಿ ಲಾರಿ ಓಡಿಸುವ ಪ್ರತಿಯೊಬ್ಬನಿಗೂ ಅದರ ಅರ್ಥ ಗೊತ್ತು. ಕೂಡ್ಲಿಗಿಯ ಡ್ರೈವರ್ ತನ್ನ ಕ್ಯಾಬಿನ್ನಿನಿಂದಲೇ ಕೂಗಿದ: "ಬ್ರೇಕ್ ಹೋತು! ಬ್ರೇಕ್ ಹೋತು! ಎಲ್ಲಾರೂ ಲಾರಿ ಹಿಂದ ನಿಂದರ್ರೀ!"

ಅಕ್ಕ ಮಗನನ್ನು ಎತ್ತಿಕೊಂಡು ಓಡಿದಳು. ನಾನು ಮಗಳನ್ನು ಎತ್ತಿಕೊಂಡೆ. ಹೆಂಡತಿ ಅವ್ವನ ತೋಳು ಹಿಡಿದು ಎಳೆದಳು, ಭಾವ ಅಪ್ಪನನ್ನು ಅವಚಿಕೊಂಡರು. ಖಾಲಿ ಲಾರಿಯ ಹಿಂದೆ ಸೇರಿಕೊಳ್ಳುತ್ತಿರುವಾಗಲೇ ಎರಡು ದೀಪಗಳು ತಿರುವಿನಿಂದ ಹೊರಳಿ ಬಂದವು. ಲೋಡ್ ಲಾರಿ. ಗೇರಿನ ಹಿಡಿತವೂ ತಪ್ಪಿ ಬರೀ ತೂಕದ ಮೇಲೆ ಬರುತ್ತಿತ್ತು.

ಆ ಡ್ರೈವರ್ ಮಾಡಿದ ಕೆಲಸವನ್ನು ನಾನು ಕಣ್ಣಾರೆ ಕಂಡೆ. ಅವನ ಬಲಕ್ಕೆ ನಮ್ಮ ಸಾಲು, ಅದರಾಚೆ ಕಂದಕ. ಅವನು ಸ್ಟೇರಿಂಗನ್ನು ಎಡಕ್ಕೆ ಎಳೆದು ಲಾರಿಯನ್ನು ಗುಡ್ಡದ ಕಡೆಯ ಚರಂಡಿಗೆ ಇಳಿಸಿದ. ಎಡಬದಿಯ ಗಾಲಿಗಳು ಚರಂಡಿಗೆ ಬಿದ್ದವು. ಲಾರಿಯ ಮೈ ಗುಡ್ಡಕ್ಕೆ ಉಜ್ಜಿಕೊಂಡು ಬಂತು. ತಗಡು ಕಲ್ಲಿಗೆ ಕೆರೆಯುವ ಸದ್ದು, ಕಿಡಿ, ಒಡೆದ ಗಾಜು. ನಮ್ಮ ಗಾಡಿಯಿಂದ ಮಾರು ಎರಡು ಮಾರು ದೂರದಲ್ಲಿ ಲಾರಿ ನಿಂತಿತು. ಹಿಂಬಾಗಿಲು ಬಿಚ್ಚಿ ಅದಿರು ಭೋರೆಂದು ರಸ್ತೆಗೆ ಸುರಿಯಿತು. ಆಮೇಲೆ ಮಳೆಯೊಂದೇ.

ಡ್ರೈವರ್ ಬದುಕಿದ್ದ. ಮೊಣಕಾಲಿಗೆ ಪೆಟ್ಟಾಗಿತ್ತು. ತೆಲುಗಿನವನು. ಹೊರಗೆಳೆದು ಕೂರಿಸಿದಾಗ ಮೊದಲು ಕೇಳಿದ್ದು "ಪಿಲ್ಲಲು ಬಾಗುನ್ನಾರಾ?" ಎಂದು. ಮಕ್ಕಳು ಚೆನ್ನಾಗಿದ್ದಾರಾ? ಅವನ ದೀಪದ ಬೆಳಕಿನಲ್ಲಿ ನಾವು ಮಕ್ಕಳನ್ನು ಎತ್ತಿಕೊಂಡು ಓಡಿದ್ದು ಅವನಿಗೆ ಕಂಡಿತ್ತು.

ಇಳಿಜಾರಿನಲ್ಲಿ ಬ್ರೇಕು ಏಕೆ ಹೋಗುತ್ತದೆ ಎಂಬುದನ್ನು ಕೂಡ್ಲಿಗಿಯ ಡ್ರೈವರ್ ಆ ರಾತ್ರಿಯೇ ತಿಳಿಸಿ ಹೇಳಿದ. ಬ್ರೇಕನ್ನು ಒತ್ತಿ ಹಿಡಿದೇ ಇಳಿದರೆ ಡ್ರಮ್ಮು ಕಾಯುತ್ತದೆ, ಕಾದ ಲೈನರ್ ಹಿಡಿತ ಬಿಡುತ್ತದೆ. ಕಾಲು ಒತ್ತುತ್ತಲೇ ಇರುತ್ತದೆ, ಗಾಡಿ ಕೇಳುವುದಿಲ್ಲ. ತೂಕ ಹೆಚ್ಚಿದಷ್ಟೂ ಬೇಗ. "ಯಾವ ಗೇರಿನ್ಯಾಗ ಹತ್ತೀವೋ ಅದ ಗೇರಿನ್ಯಾಗ ಇಳೀಬೇಕ್ರಿ. ಡೀಸೆಲ್ ಉಳಿಸಾಕ ನ್ಯೂಟ್ರಲ್ ಮಾಡಿದ್ರ ಮುಗೀತು" ಅಂದ. ಗುಡ್ಡದ ರಸ್ತೆಯ ವಿದ್ಯೆಯೆಲ್ಲ ಆ ಎರಡು ಮಾತಿನಲ್ಲಿದೆ.

ರಸ್ತೆ ಪೂರ್ತಿ ಬಂದ್. ಮೇಲೂ ಕೆಳಗೂ ಕಣ್ಣು ಹಾಯುವವರೆಗೆ ದೀಪದ ಸಾಲು. ಮೊಬೈಲಿನಲ್ಲಿ ಒಂದು ಗೆರೆಯೂ ಇಲ್ಲ. ಗಾಡಿಯೊಳಗೆ ಮತ್ತೆ ಕೂತೆವು. ಆಗ ಅಪ್ಪನ ಸರದಿ.

ಮೊದಲು ಅವ್ವನಿಗೆ ಗೊತ್ತಾಯಿತು. "ಯಾಕ್ರೀ, ಮೈ ತಣ್ಣಗಾಗೈತಲ್ಲ?" ಅಂದಳು. ಅಪ್ಪನ ಅಂಗಿ ಬೆವರಿನಿಂದ ತೊಯ್ದಿತ್ತು. ಕೈ ಗಡಗಡ. "ಹೊಲದಾಗ ನೀರು ನಿಂತೈತಿ, ಒಡ್ಡು ಕಡೀರಿ" ಎಂದು ಸಂಬಂಧವಿಲ್ಲದ ಮಾತು. ಇನ್ಸುಲಿನ್ ಒಳಗಿತ್ತು, ಊಟ ಹೊಟ್ಟೆಗೆ ಬಿದ್ದಿರಲಿಲ್ಲ. ಸಕ್ಕರೆ ಇಳಿದುಹೋಗಿತ್ತು. ಸಕ್ಕರೆ ಹೆಚ್ಚಾದರೆ ದಿನಗಟ್ಟಲೆ ಕಾಡುತ್ತದೆ, ಇಳಿದರೆ ಗಳಿಗೆಯ ಲೆಕ್ಕ. ಕೈಚೀಲ ಸುರಿದು ನೋಡಿದರೆ ಹುರಿದ ಶೇಂಗಾ ಬಿಟ್ಟು ಏನೂ ಇಲ್ಲ. ಶೇಂಗಾ ರಕ್ತಕ್ಕೆ ಸಕ್ಕರೆಯಾಗಿ ಇಳಿಯಲು ಹೊತ್ತು ಬೇಕು. ಆ ಹೊತ್ತು ನಮ್ಮ ಬಳಿ ಇರಲಿಲ್ಲ.

ನಾನು ಮಳೆಯಲ್ಲಿ ಓಡಿದೆ. ಲಾರಿಯಿಂದ ಲಾರಿಗೆ, ಬಾಗಿಲು ಬಡಿಯುತ್ತ. "ಸಕ್ಕರೆ ಐತೇನ್ರೀ? ಬೆಲ್ಲ ಐತೇನ್ರೀ?" ಒಬ್ಬ ಬೀಡಿ ಕೊಟ್ಟ, ಒಬ್ಬ ಗದರಿದ. ಓಡುತ್ತಿದ್ದ ನನ್ನನ್ನು ಆ ಕ್ಲೀನರ್ ಹುಡುಗ ಹಿಡಿದು ನಿಲ್ಲಿಸಿದ. ತನ್ನ ಲಾರಿಯ ಪಕ್ಕದ ತಗಡಿನ ಪೆಟ್ಟಿಗೆ ತೆರೆದ. ಲಾರಿಯವರ ಅಡುಗೆಮನೆ ಅದು: ಪಂಪ್ ಸ್ಟೋವು, ಮಸಿ ಹಿಡಿದ ಪಾತ್ರೆ, ಅಕ್ಕಿ, ಬೇಳೆ, ಒಣಮೆಣಸು, ಹಾರ್ಲಿಕ್ಸ್ ಬಾಟಲಿಯಲ್ಲಿ ಅರ್ಧಕ್ಕೆ ಸಕ್ಕರೆ. ನೀರಿನ ಕ್ಯಾನ್ ಹೆಗಲಿಗೇರಿಸಿ ನನಗಿಂತ ಮುಂದೆ ಓಡಿದ.

ಸಕ್ಕರೆ ನೀರು ಲೋಟದಲ್ಲಿ ಕಲಸಿ ಅವ್ವ ಅಪ್ಪನ ಗಲ್ಲ ಹಿಡಿದಳು. "ನುಂಗ್ರೀ. ನನ್ನ ಕಡೆ ನೋಡ್ರೀ. ನುಂಗ್ರೀ." ಎಚ್ಚರ ತಪ್ಪಿದವರ ಬಾಯಿಗೆ ನೀರು ಸುರಿದರೆ ಉಸಿರಿನ ದಾರಿಗೆ ಹೋಗುತ್ತದೆ; ಅಪ್ಪ ಇನ್ನೂ ನುಂಗುತ್ತಿದ್ದರು, ಅದೊಂದೇ ಧೈರ್ಯ. ಒಂದು ಗುಟುಕು. ಇನ್ನೊಂದು. ಗಡಿಯಾರ ನೋಡುತ್ತ ಕೂತೆವು. ಕಾಲು ಗಂಟೆಯಾದ ಮೇಲೆ ಮತ್ತೆ ಅರ್ಧ ಲೋಟ. ನಡುಕ ಇಳಿಯಿತು. ಅಪ್ಪ ಸುತ್ತ ನೋಡಿ, "ಇದು ಯಾವ ಊರು?" ಎಂದರು. ಅಕ್ಕ ಆಗ ಅತ್ತಳು. ಅಲ್ಲಿಯವರೆಗೆ ಯಾರೂ ಅತ್ತಿರಲಿಲ್ಲ.

ಆ ಹುಡುಗ ಅಷ್ಟಕ್ಕೆ ಬಿಡಲಿಲ್ಲ. ಲಾರಿಯ ಅಡಿಯಲ್ಲಿ ಮಳೆ ತಾಗದ ಜಾಗ ಹುಡುಕಿ ಸ್ಟೋವು ಹೊತ್ತಿಸಿ ಅನ್ನ ಬೇಯಿಸಿದ. ಬಿಸಿ ಅನ್ನ, ಬೇಳೆಸಾರು. ಅಪ್ಪನಿಗೆ ಮೊದಲು, ಆಮೇಲೆ ಮಕ್ಕಳಿಗೆ, ಪೆಟ್ಟು ಬಿದ್ದ ಡ್ರೈವರಿಗೆ. ಉಳಿದದ್ದು ಎಲ್ಲರಿಗೂ ಒಂದೊಂದು ತುತ್ತು. ಅದಿರು ಲಾರಿಯವರನ್ನು ಬೈಯದ ಮನೆ ಆಗ ನಮ್ಮ ಸೀಮೆಯಲ್ಲಿ ಇರಲಿಲ್ಲ. ಧೂಳು ಅವರದು, ಅಪಘಾತ ಅವರದು, ಕೆಟ್ಟ ರಸ್ತೆ ಅವರದು ಎಂದು. ಟನ್ನಿನ ಲೆಕ್ಕದಲ್ಲಿ ಕೋಟಿ ಎಣಿಸಿದವರು ಬೇರೆ ಕಡೆ ಇದ್ದರು. ಆ ರಾತ್ರಿ ಮಳೆಯಲ್ಲಿ ನೆನೆದವರು ಈ ಹುಡುಗರು. 2010ರ ಮಾರ್ಚ್‌ನಲ್ಲಿ ಬೇಲೆಕೇರಿಯಲ್ಲಿ ಲಕ್ಷಗಟ್ಟಲೆ ಟನ್ ಅಕ್ರಮ ಅದಿರು ಜಪ್ತಿಯಾಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ಸುದ್ದಿ ಓದಿದಾಗಲೂ ನನ್ನ ಕಣ್ಣಿಗೆ ಬಂದದ್ದು ಕಂಕುಳಲ್ಲಿ ದಿಮ್ಮಿ ಹಿಡಿದ ಆ ಹುಡುಗನೇ.

ಬೆಳಗಿನ ಜಾವಕ್ಕೆ ಮಳೆ ಹೊಳವಾಯಿತು. ಜೆಸಿಬಿ ಬಂದು ಅದಿರು ಬದಿಗೆ ಸರಿಸಿತು. ಕೂಡ್ಲಿಗಿಯವರು ತಮ್ಮ ಲಾರಿಗೆ ನಮ್ಮ ಗಾಡಿಯನ್ನು ಹಗ್ಗ ಕಟ್ಟಿ ಘಟ್ಟ ಹತ್ತಿಸಿದರು; ಇಡಗುಂದಿ ದಾಟಿ ಯಲ್ಲಾಪುರದ ಗ್ಯಾರೇಜಿನ ಮುಂದೆ ಬಿಟ್ಟರು. ಹಣ ಕೊಡಹೋದರೆ ಡ್ರೈವರ್ ಕೈ ಮುಗಿದ. "ಬ್ಯಾಡ್ರಿ. ಊರ ಕಡೆ ಸಿಕ್ಕಾಗ ಒಂದು ಚಾ ಕುಡಿಸ್ರಿ."

ಕ್ಲಚ್ ಪ್ಲೇಟ್ ಹಾಕಿಸಿ ಹೊರಟಾಗ ಮಧ್ಯಾಹ್ನ. ಕಲಘಟಗಿ, ಹುಬ್ಬಳ್ಳಿ. ಅಣ್ಣಿಗೇರಿ ದಾಟಿದ ಮೇಲೆ ಎರೆಹೊಲದ ಬಯಲು, ನೇರ ರಸ್ತೆ, ಮೂಡಗಾಳಿ. ಕನ್ನಡಿಯಲ್ಲಿ ಭಾವನ ಕಣ್ಣು ಕಂಡೆ. ರೆಪ್ಪೆ ಇಳಿದು ಏಳುತ್ತಿತ್ತು. "ಭಾವ, ನಿಲ್ಲಿಸ್ರಿ" ಅಂದೆ. "ಗದಗ ಮುಟ್ಟಾನ" ಅಂದರು. ನಡುವಿನ ಸೀಟಿನಿಂದ ಅವ್ವ, "ಅಳಿಯಂದ್ರ, ಈಗ ನಿಲ್ಲಿಸ್ರಿ" ಅಂದಳು. ಅತ್ತೆಯ ಮಾತಿಗೆ ಭಾವ ಎದುರಾಡಲಿಲ್ಲ. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಟವೆಲ್ ಹಾಸಿಕೊಂಡು ಬಿದ್ದವರು ಒಂದೂವರೆ ತಾಸು ಮಿಸುಕಲಿಲ್ಲ.

ಅವ್ವನ ಆ ಒಂದು ಮಾತಿನ ಬೆಲೆ ನನಗೆ ವರ್ಷ ಕಳೆದಷ್ಟೂ ಹೆಚ್ಚಾಗುತ್ತಿದೆ. 2023ರ ಮೇ 29ರಂದು ನಮ್ಮ ಬಳ್ಳಾರಿ ಪಕ್ಕದ ಸಂಗನಕಲ್ಲಿನವರು ರಜೆಗೆ ಮೈಸೂರು ಕಡೆ ಹೋಗಿದ್ದರು, ತಿ. ನರಸೀಪುರದ ಹತ್ತಿರ ಕಾರು ಬಸ್ಸಿಗೆ ಡಿಕ್ಕಿಯಾಗಿ 10 ಮಂದಿ ಊರಿಗೆ ಮರಳಲಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಗೆ ಮರಳುತ್ತಿದ್ದ ಟೆಂಪೊ ಟ್ರಾವೆಲರ್, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನಲ್ಲಿ ನಿಂತ ಲಾರಿಗೆ ಹಿಂದಿನಿಂದ ಬಡಿದು 13 ಮಂದಿ ಸತ್ತರು. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣು ಹೊತ್ತ ಲಾರಿ ನಾವು ದಾಟಿ ಬಂದ ಅದೇ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಉರುಳಿ 10 ಮಂದಿ ಹೋದರು. ಪ್ರತಿ ಸಲ ಪೇಪರು ಓದಿ ಮಡಿಸಿಟ್ಟು ನಾನು ಅಣ್ಣಿಗೇರಿಯಾಚೆಯ ಆ ಬೇವಿನ ಮರವನ್ನು ನೆನೆಯುತ್ತೇನೆ.

ಗದಗ, ಕೊಪ್ಪಳ ಹೇಗೆ ದಾಟಿದೆವೋ ತಿಳಿಯಲಿಲ್ಲ. ಮುನಿರಾಬಾದ್ ಹತ್ತಿರ ಕತ್ತಲಾಯಿತು. ಹೊಸಪೇಟೆಯಲ್ಲಿ ಅಪ್ಪನಿಗೆ ಮೊದಲು ಊಟ, ಆಮೇಲೆ ಸೂಜಿ. ಸಂಡೂರು ರಸ್ತೆಯಲ್ಲಿ ಮತ್ತೆ ಲಾರಿ, ಮತ್ತೆ ಕೆಂಪು ಕೆಸರು. ಆದರೂ ಕಣಿವೆಯ ಗುಡ್ಡಗಳ ನೆರಳು ಕಂಡ ಕೂಡಲೇ ಗಾಡಿಯಲ್ಲಿ ಎಲ್ಲರೂ ಮನೆಯ ಮಾತಿಗಿಳಿದರು. ಯಶವಂತನಗರ, ಬಂಡ್ರಿ. ಇನ್ನೇನು ಊರು. ಪೂರ್ವಕ್ಕೆ ಮಿಂಚುತ್ತಿತ್ತು. ಊರ ಕಡೆ ದೊಡ್ಡ ಮಳೆ ಆಗಲೇ ಹೊಯ್ದು ಹೋಗಿತ್ತು.

ಹಳ್ಳ ನಮಗೆ ಕಾಣುವ ಮೊದಲು ಕೇಳಿಸಿತು.

ವರ್ಷದಲ್ಲಿ ಹತ್ತು ತಿಂಗಳು ಕುರಿ ಮೇಯುವ ಒಣ ಹಳ್ಳ ಅದು. ಆಗ ದೀಪದ ಬೆಳಕಿನಲ್ಲಿ ದಡದಿಂದ ದಡಕ್ಕೆ ಕೆಂಪು ನೀರು. ತಗ್ಗಿನ ಸೇತುವೆ ಕಾಣದು. ಅದರ ಎರಡೂ ಅಂಚಿನ ಕಾವಲುಗಲ್ಲುಗಳ ತಲೆ ಮಾತ್ರ ನೀರಿನ ಮೇಲೆ. ಒಂದು ಬೇರುಸಹಿತ ಜಾಲಿಮರ ತಿರುಗುತ್ತ ಬಂದು ಕಲ್ಲಿಗೆ ಬಡಿದು, ಏರಿ, ಆಚೆಗೆ ಹೋಯಿತು. ಆಚೆ ದಡದಲ್ಲಿ ಊರಿನ ದೀಪಗಳು. ನಮ್ಮ ಓಣಿಯ ಕಂಬದ ದೀಪವನ್ನು ಮಗಳು ಬೆರಳು ಮಾಡಿ ತೋರಿಸಿದಳು.

ಭಾವ ಇಂಜಿನ್ ಆರಿಸಲಿಲ್ಲ. "ಎತ್ತರದ ಗಾಡಿ. ಮೊದಲನೇ ಗೇರಿನ್ಯಾಗ ಎಕ್ಸಲೇಟರ್ ಬಿಡದಂಗ ಹೊಡೆದ್ರ ದಾಟ್ತೈತಿ" ಅಂದರು. ಗದರುವ ದನಿಯಲ್ಲ, ದಣಿದವರ ದನಿ. ಘಟ್ಟ ಗೆದ್ದು ಬಂದು ಮನೆ ಮುಂದೆ ನಿಲ್ಲುವುದು ಯಾರಿಗಾದರೂ ಆಗದ ಮಾತು. ಮಕ್ಕಳು ಹಸಿದಿದ್ದರು. ಅಪ್ಪನೂ ಸುಮ್ಮನಿದ್ದರು. ಗೇರು ಬಿದ್ದ ಸದ್ದು ಕೇಳಿತು.

ಅವ್ವ ಬಾಗಿಲು ತೆಗೆದು ಇಳಿದಳು. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಕೆಸರಲ್ಲಿ ನಡೆದು, ಗಾಡಿಯ ಮುಂದೆ ಹೋಗಿ ನೀರಿಗೆ ಬೆನ್ನು ಮಾಡಿ ನಿಂತಳು. ಎರಡೂ ದೀಪ ಅವಳ ಮೇಲೆ. "ನನ್ನ ಮ್ಯಾಲೆ ಹಾಯಿಸಿ ಹೋಗ್ರಿ" ಅಂದಳು.

ಭಾವ ಕೀ ತಿರುಗಿಸಿದರು. ಇಂಜಿನ್ ನಿಂತಿತು.

ಹರಿವ ನೀರಿಗೆ ಆಳಕ್ಕಿಂತ ನೂಕು ಹೆಚ್ಚು. ಒಂದಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಎರಡಡಿ ನೀರು ನಮ್ಮಂಥ ಎತ್ತರದ ಗಾಡಿಯನ್ನೂ ಪಕ್ಕಕ್ಕೆ ಎತ್ತಿ ಒಯ್ಯುತ್ತದೆ. ಗಾಡಿ ತೇಲಿದ ಮೇಲೆ ಗೇರು, ಬ್ರೇಕು, ಸ್ಟೇರಿಂಗು ಯಾವುದೂ ಲೆಕ್ಕಕ್ಕಿಲ್ಲ. ನೀರಿನ ಕೆಳಗೆ ಸೇತುವೆ ಇದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಯಾರಿಗೂ ಕಾಣುವುದಿಲ್ಲ.

ಆಚೆ ದಡಕ್ಕೆ ಚಿಕ್ಕಪ್ಪ ಟ್ರ್ಯಾಕ್ಟರ್ ತಂದು ಟಾರ್ಚ್ ಬೀಸಿದರು. "ಬರಬ್ಯಾಡ್ರೀ! ಅಲ್ಲೇ ಇರ್ರೀ!" ಟ್ರ್ಯಾಕ್ಟರನ್ನೂ ಅವರು ನೀರಿಗಿಳಿಸಲಿಲ್ಲ. ಗಾಡಿಯನ್ನು ಹಿಂದಕ್ಕೆ ತೆಗೆದು ಎತ್ತರದ ಜಾಗಕ್ಕೆ ಒಯ್ದು ಗಾಲಿಗೆ ಕಲ್ಲು ಕೊಟ್ಟೆವು. ಅಕ್ಕನ ಮಗ ಟಾರ್ಚ್ ಹಿಡಿದು ಕಾವಲುಗಲ್ಲುಗಳನ್ನು ಕಾಯುತ್ತ ಕೂತ. ನಡುರಾತ್ರಿ ಕಳೆದು ಎಷ್ಟೋ ಹೊತ್ತಿಗೆ ಕೂಗಿದ: "ಮಾಮಾ, ಕಲ್ಲಿನ ಕೊಳ್ಳು ಕಾಣಾಕತ್ತೈತಿ!" ಆಮೇಲೆ ಸೊಂಟ ಕಂಡಿತು, ಬುಡ ಕಂಡಿತು. ಮೂಡಣ ಕೆಂಪಾಗುವಾಗ ಸೇತುವೆಯ ಕಾಂಕ್ರೀಟು ತಲೆ ಎತ್ತಿತು. ಅದರ ಒಂದು ಅಂಚು ಎರಡು ಮಾರಿನಷ್ಟು ಕಿತ್ತುಹೋಗಿತ್ತು, ನಾವು ಗಾಡಿ ಹಾಯಿಸಬೇಕಿದ್ದ ಅಂಚು. ಭಾವ ಅದನ್ನು ನೋಡಿ ಬಂದು ಅವ್ವನ ಕಾಲು ಮುಟ್ಟಿದರು.

ಗಾಡಿಯನ್ನು ಅಲ್ಲೇ ಬಿಟ್ಟು, ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಒಬ್ಬರ ಕೈ ಒಬ್ಬರು ಹಿಡಿದು ಗಟ್ಟಿ ಉಳಿದ ಬದಿಯಿಂದ ದಾಟಿದೆವು. ಅಪ್ಪ ಮನೆಗೆ ಹೋಗದೆ ನೇರ ಹೊಲಕ್ಕೆ ಹೋದರು. ಹದ ಇತ್ತು.

ಮೇ ತಿಂಗಳಲ್ಲಿ ಕರಾವಳಿ ಕಡೆ ಹೊರಡುವ ನಮ್ಮ ಕಡೆಯ ಸಂಸಾರಗಳಿಗೆ ನನ್ನದೊಂದು ವಿನಂತಿ. ಶಾಲೆ ತೆರೆಯುವ ಹಿಂದಿನ ದಿನಕ್ಕೆ ಮರುಪಯಣ ಇಟ್ಟುಕೊಳ್ಳಬೇಡಿ. ಒಂದು ದಿನ ಕೈಯಲ್ಲಿರಲಿ. ಘಟ್ಟವನ್ನು ಹಗಲಲ್ಲೇ ದಾಟಿ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ಗಾಡಿ ಎಲ್ಲಾದರೂ ಬೆಳಕಿರುವಲ್ಲಿ ನಿಂತಿರಲಿ. ಸೀಟಿನ ಕೆಳಗೆ ಎರಡು ಮರದ ದಿಮ್ಮಿ, ಕೈಗೆ ಸಿಗುವ ಕಡೆ ಒಂದು ಅಚ್ಚು ಬೆಲ್ಲ ಇಟ್ಟುಕೊಳ್ಳಿ. ಮನೆಯ ದೀಪ ಕಾಣುತ್ತಿದ್ದರೂ ಸರಿ, ಹರಿಯುವ ನೀರಿಗೆ ಗಾಡಿ ಇಳಿಸಬೇಡಿ.